ಅರ್ಧ ದಾರಿ ನಾನು, ಅರ್ಧ ನೀನು

ಮಾರ್ಚ್ 3
ಬೆಳಗಿನ ಎರಡು ಡ್ರೈವಿಂಗ್ ಕ್ಲಾಸ್ ಹೇಳಿಕೊಟ್ಟು ಮುಗಿಸಿದೆ. ಎರಡನೆಯವನು ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ತುಳಿದ. ಬದುಕಿ ಬಂದೆ.
ಮನೆಯಲ್ಲಿ ಅಕ್ಕ ಆಕ್ಸಿಜನ್ ನಳಿಕೆ ಮೂಗಿಗೆ ಸಿಕ್ಕಿಸಿಕೊಂಡೇ ಫೋನಿನಲ್ಲಿ ಮುಳುಗಿದ್ದಳು. ನಮ್ಮ ಏರ್‌ಪೋರ್ಟಿನಿಂದ ತಮ್ಮನ ಊರಿನ ಏರ್‌ಪೋರ್ಟಿಗೆ ಎಷ್ಟು ದೂರ ಎಂದು ಹುಡುಕಿದ್ದಾಳೆ.
“ಹದಿಮೂರು ಸಾವಿರ ಕಿಲೋಮೀಟರ್ ಕಣೇ. ಹದಿನಾರು ಗಂಟೆ, ಅಷ್ಟೇ.”
ಅಷ್ಟೇ ಅಂತೆ. ಅಡುಗೆಮನೆಯಿಂದ ಹಾಲ್‌ಗೆ ಬರಲು ನಡುವೆ ಒಮ್ಮೆ ಕೂರುವವಳು.

ಮಾರ್ಚ್ 4
ಅಕ್ಕ ಹೇಳಿದ ಹದಿನಾರು ಗಂಟೆ ನೇರ ಗೆರೆ ಎಳೆದ ಲೆಕ್ಕ. ನೇರ ವಿಮಾನವೇ ಇಲ್ಲ. ಇಳಿದು, ಕಾದು, ಮತ್ತೆ ಹತ್ತಿ — ಒಂದು ಹಗಲು, ಒಂದು ರಾತ್ರಿ. ಹೇಳಿದೆ. ಮುಖ ತಿರುಗಿಸಿಕೊಂಡಳು.
ತಮ್ಮನೇ ಬರಬಹುದಲ್ಲ... ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಅಲ್ಲಿಗೆ ಹೋಗುವಾಗ ವಿಮಾನ ಗಾಳಿಗೆ ಸಿಕ್ಕಿ ದಡಕ್ಕನೆ ಕೆಳಗೆ ಜಾರಿತಂತೆ. ಹನ್ನೆರಡು ವರ್ಷವಾಯಿತು, ಮತ್ತೆ ಹತ್ತಿಲ್ಲ. ಒದೆಯುವ ಕುದುರೆಗಳಿಗೆ ಸೂಜಿ ಚುಚ್ಚುವ ಡಾಕ್ಟರು! ಅಮ್ಮ ಹೋದಾಗ ಅವನಿನ್ನೂ ಮಗು; ಎತ್ತಿ ಆಡಿಸಿ ಬೆಳೆಸಿದವಳು ಅಕ್ಕ. ತಲೆ ನರೆತರೂ ಅವಳಿಗೆ ಅವನು ಪುಟ್ಟ.

ಮಾರ್ಚ್ 11
ಶ್ವಾಸಕೋಶದ ಡಾಕ್ಟರಮ್ಮನ ಹತ್ತಿರ ಹೋಗಿದ್ದೆವು.
“ಅಷ್ಟು ದೂರ ಬೇಡಮ್ಮ. ಆಕ್ಸಿಜನ್ ಮಷೀನ್ ಇಟ್ಕೊಂಡು ಎಂಟು ಗಂಟೆ ಆದ್ರೆ ಒಪ್ಕೋತೀನಿ. ಅದೂ ಈಗಲೇ. ಮುಂದಿನ ವರ್ಷ ಕೇಳ್ಬೇಡಿ.”
ಕಾರಿನಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಾ ಅಕ್ಕ, “ಎಂಟು ಗಂಟೆ ಅಂದ್ರೆ ಅರ್ಧ ದಾರಿ ಆಯ್ತಲ್ಲ” ಅಂದಳು.

ಅದೇ ದಿನ, ಸಂಜೆ
ತಮ್ಮನಿಗೆ ಅವಳೇ ಫೋನ್ ಮಾಡಿದಳು. ಸ್ಪೀಕರ್ ಹಾಕಿ.
“ಪುಟ್ಟ, ಅರ್ಧ ದಾರಿ ನಾನು ಬರ್ತೀನಿ. ಅರ್ಧ ನೀನು ಬಾ.”
ಆ ಕಡೆಯಿಂದ, “ನನ್ ಕೈಲಿ ಆಗಲ್ಲ ಅಕ್ಕ.”
“ಸರಿ ಬಿಡು. ನಾನಂತೂ ಟಿಕೆಟ್ ಮಾಡಿಸ್ತೀನಿ.”
ಇಟ್ಟುಬಿಟ್ಟಳು. ನಳಿಕೆ ಸರಿಮಾಡಿಕೊಳ್ಳುವ ನೆಪದಲ್ಲಿ ಕಣ್ಣೊರೆಸಿಕೊಂಡಳು. ನಾನು ನೋಡದವಳಂತೆ ಪಾತ್ರೆ ಒರೆಸುತ್ತಾ ನಿಂತೆ.

ಏಪ್ರಿಲ್ 19
ಹೊರಡುವ ದಿನ, ಸ್ಥಳ ಎಲ್ಲಾ ತಿಳಿಸಿದ್ದೇವೆ. ಅವನಿಂದ ಉತ್ತರವಿಲ್ಲ. ಅಕ್ಕ ಬ್ಯಾಗ್ ತುಂಬಿ ಮುಗಿಸಿದ್ದಾಳೆ. ಬಟ್ಟೆಗಿಂತ ಮಷೀನಿನ ಬ್ಯಾಟರಿಯೇ ಹೆಚ್ಚು.
“ಬರದೇ ಹೋದ್ರೆ?” ಕೇಳಿಯೇ ಬಿಟ್ಟೆ.
“ಊರು ನೋಡ್ಕೊಂಡು ಬರೋಣ. ಎಲ್‌ ಬೋರ್ಡ್ ಬಿಟ್ಟು ನೀನಾದ್ರೂ ಏನು ನೋಡಿದೀಯ?”

ಏಪ್ರಿಲ್ 21, ಅರ್ಧ ದಾರಿಯ ಏರ್‌ಪೋರ್ಟು
ತಲುಪಿದೆವು. ನಡುವೆ ಅಕ್ಕನ ತುಟಿ ನೀಲಿಗಟ್ಟಿತ್ತು. ಏರ್‌ಹೋಸ್ಟೆಸ್ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡಳು. ಈಗ ಪರವಾಗಿಲ್ಲ. ವೀಲ್‌ಚೇರಿನಲ್ಲಿ ಕೂತು, ಟೀ ನೀರುನೀರಾಗಿದೆ ಎಂದು ಗೊಣಗುತ್ತಿದ್ದಾಳೆ.
ಅವನ ಊರಿನ ವಿಮಾನ ಇಳಿದಿದೆ. ಅವನ ಫೋನ್ ಆಫ್. ಕುದುರೆ ಆಸ್ಪತ್ರೆಗೆ ಫೋನ್ ಮಾಡಿದೆ — ಡಾಕ್ಟರು ರಜೆ, ಎಲ್ಲಿಗೆ ಹೋಗಿದ್ದಾರೋ ಗೊತ್ತಿಲ್ಲ ಅಂದರು. ಅಕ್ಕನಿಗೆ ಹೇಳಲಿಲ್ಲ. ಆಸೆ ಹುಟ್ಟಿಸಲು ಭಯ.
ಜನ ಬಂದರು, ಅಪ್ಪಿಕೊಂಡರು, ಹೋದರು. ಗಾಜಿನ ಬಾಗಿಲು ಮುಚ್ಚಿಕೊಂಡಿತು. ಅಕ್ಕ ಕಣ್ಣು ಕೀಳಲಿಲ್ಲ. ನಾನು ಸುಮ್ಮನೆ ಇದನ್ನು ಗೀಚುತ್ತಾ ಕೂತಿದ್ದೇನೆ.
ಬಾಗಿಲು ಮತ್ತೆ ತೆರೆಯಿತು. ಯಾರೋ ಒಬ್ಬ, ಗೋಡೆ ಹಿಡಿದುಕೊಂಡು. ಮುಖ ಬಿಳುಚಿದೆ. ಶರ್ಟು ಬೆವರಿಗೆ ಮೈಗಂಟಿದೆ.
“ಪುಟ್ಟ ಎಷ್ಟು ಹೆದರಿದಾನೆ ನೋಡೇ,” ಅಕ್ಕ ಅನ್ನುತ್ತಿದ್ದಾಳೆ. ಬೇಡ ಅಂದರೂ ಏಳುತ್ತಿದ್ದಾಳೆ, ಅವಳ ನಳಿಕೆ ಸಿಕ್ಕಿಕೊಂಡು —