ಹಣ್ಣಾಗದ ಕಾಯಿಯ ಬೀಜ

ನೆಲಮನೆ ಶಕೆ ೧೧೨, ಮಾಘದ ಮೂವತ್ತನಾಲ್ಕನೆಯ ದಿನ

ಡಬ್ಬಿಯ ಮುಚ್ಚಳದ ಮೇಲೆ ಹೆಸರು ಬರೆದಿಟ್ಟ ಸುನೇತ್ರಾ ಅವರಿಗೆ,

ನಿಮ್ಮ ಮಾಘಕ್ಕೆ ಇಷ್ಟು ದಿನಗಳಿರಲಿಲ್ಲ. ತಂಪಿನ ತಿಂಗಳು ಬೇಗ ಮುಗಿಯದಿರಲೆಂಬ ಆಸೆಗೆ ನಮ್ಮ ಹಿರಿಯರು ನಾಲ್ಕು ದಿನ ಸೇರಿಸಿಕೊಂಡರು. ನನ್ನ ಕೆಲವು ಮಾತುಗಳೂ ನಿಮಗೆ ಹೀಗೆಯೇ ವಿಚಿತ್ರವಾಗಿ ಕಂಡಾವು, ಮನ್ನಿಸಿ.

ನಾವು ಹನ್ನೆರಡು ಮೆಟ್ಟಿಲು ಇಳಿದು ನೆಲದಡಿಯಲ್ಲಿ ಬಾಳುವವರು. ಮೇಲಿನ ಮಣ್ಣಿನಲ್ಲಿ ಬೀಜ ಬೇಯುತ್ತದೆ. ಕೆಳಗಿನ ತಂಪಿನಲ್ಲಿ ಮೆಣಸಿನ ಬೀಜ ಕಣ್ಣು ತೆರೆಯುವುದಿಲ್ಲ. ಅದಕ್ಕೇ ಒದ್ದೆ ಬಟ್ಟೆಯಲ್ಲಿ ಬೀಜ ಸುತ್ತಿ, ಸೊಂಟಕ್ಕೆ ಕಟ್ಟಿಕೊಂಡು, ಮೈಯ ಬಿಸಿಯಲ್ಲಿ ಮೊಳೆಸುವ ಹೆಂಗಸರಿದ್ದೇವೆ. ಸೂಲಗಿತ್ತಿ ಎಂಬ ಹಳೆಯ ಮಾತನ್ನು ನೆನೆದು ನಮ್ಮನ್ನು ಮಡಿಲಗಿತ್ತಿ ಎನ್ನುತ್ತಾರೆ. ಗಂಟು ಕಟ್ಟಿಕೊಂಡವಳು ಬೋರಲು ಮಲಗುವಂತಿಲ್ಲ, ಬೂಸ್ಟು ಹಿಡಿಯದಂತೆ ದಿನಕ್ಕೆರಡು ಸಲ ಬಟ್ಟೆ ಬದಲಿಸಬೇಕು. ಮೊಳೆತದ್ದನ್ನು ಬಟ್ಟಲಿನ ಮಣ್ಣಿಗೆ ಇಳಿಸಿ, ನಾಲ್ಕೆಲೆ ಬರುವವರೆಗೆ ಬೆಳಕಿಂಡಿಯ ಕೆಳಗೆ ಸಾಕಿ, ಆಮೇಲೆ ನೆರಳುಹೊಲಕ್ಕೆ ಒಪ್ಪಿಸುತ್ತೇವೆ.

ನಮ್ಮ ಶೀತಗವಿಯಲ್ಲಿ ಉಳಿದಿದ್ದ ದೊಣ್ಣೆ ಮೆಣಸಿನಕಾಯಿಯ ಬೀಜ ನಿಮ್ಮ ಡಬ್ಬಿಯದೊಂದೇ. ಖಾರವಿಲ್ಲದ ಮೆಣಸನ್ನು ಇಲ್ಲಿ ಯಾರೂ ಕಂಡಿಲ್ಲ. ಮಕ್ಕಳು ಅದನ್ನು ಕಟ್ಟುಕತೆ ಎನ್ನುತ್ತಾರೆ. ನಲವತ್ತೊಂದು ಬೀಜಗಳಲ್ಲಿ ಮೂವತ್ತು ಬೇರೆ ಇಬ್ಬರ ಮಡಿಲಲ್ಲಿ ಕೊಳೆತವು. ಕೊನೆಯ ಹನ್ನೊಂದು ನನ್ನಲ್ಲಿವೆ. ಇಂದಿಗೆ ಹತ್ತೊಂಬತ್ತು ದಿನ, ಒಂದೂ ಮೊಳೆತಿಲ್ಲ. ನನಗೆ ಮುಟ್ಟು ನಿಲ್ಲುವ ವಯಸ್ಸು. ಮೈ ಒಮ್ಮೆ ಕಾದು, ಒಮ್ಮೆ ತಣ್ಣಗಾಗುತ್ತದೆ. ತಪ್ಪು ನನ್ನ ಮೈಯದೇ ಎಂದುಕೊಂಡಿದ್ದೆ.

ಈ ಬೆಳಿಗ್ಗೆ ಪಕ್ಕದ ಮನೆಯ ಬಂಗಾರೆವ್ವ ರೊಟ್ಟಿ ಕೊಡಲು ಬಂದವಳು ನನ್ನ ಸೊಂಟ ನೋಡಿ ನಕ್ಕಳು. “ಏನ ಶಿವಲೀಲಾ, ಇನ್ನೂ ಹೆರಿಗಿ ಆಗವಲ್ದಲ್ಲ! ಬಯಕಿ ಊಟಾ ಮಾಡಿ ತರ್ಲೇನು?”

ನಗು ಬರಲಿಲ್ಲ. ನಿಮ್ಮ ಮುಚ್ಚಳವನ್ನು ಅವಳ ಕೈಗಿತ್ತೆ. ಅವಳು ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: ‘ದೊಣ್ಣೆ ಮೆಣಸಿನಕಾಯಿ. ಹಸಿರು. ಪಲ್ಯಕ್ಕೆ ಹೆಚ್ಚುವಾಗ ತೆಗೆದದ್ದು. ಮುಂದೆ ಬರುವವರಿಗೆ. ಸುನೇತ್ರಾ.’

“ಅಯ್ಯ ನಮ್ಮವ್ವಾ! ಹಣ್ಣಾಗಾಕ ಎಲ್ಲಿ ಬಿಟ್ಟಾಳ ಈಕಿ? ತಿಂಗಳಾ ತುಂಬದ ಕೂಸಿಗೆ ನೀ ಏನ್ ಬಾಣಂತನಾ ಮಾಡ್ತಿ?”

ಆ ಮುಚ್ಚಳವನ್ನು ನಾನು ನೂರು ಸಲ ಓದಿದ್ದೆ. ಕೈಬರಹದ ಚೆಲುವಿಗೆ ಮರುಳಾಗಿ ‘ಹಸಿರು’ ಎಂಬುದನ್ನು ಓದಿಯೇ ಇರಲಿಲ್ಲ. ನಿಮ್ಮ ಭಾಷೆ ಅದನ್ನು ಕಾಯಿ ಎಂದಿತು, ಅದು ಕಾಯಿಯಾಗಿದ್ದಾಗಲೇ ನೀವು ಕೊಯ್ದಿರಿ, ಒಳಗಿನ ಬೀಜ ಬಲಿಯಲೇ ಇಲ್ಲ. ಅದಕ್ಕೂ ಒಂದು ಹಣ್ಣಿನ ಕಾಲವಿದೆ ಎಂಬುದು ನಾಲಿಗೆಗೇ ಮರೆತುಹೋಗಿತ್ತು. ನಿಮ್ಮ ಮೇಲೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾದೀತು. ಆದರೆ ಒಲೆಯ ಮೇಲೆ ಎಣ್ಣೆ ಕಾಯುತ್ತಿರುವಾಗ ಕಾಣದವರನ್ನು ನೆನೆದು ಬೀಜ ಒರೆಸಿಟ್ಟ ಕೈಯನ್ನು ನಾನು ಹೇಗೆ ಶಪಿಸಲಿ?

ಒಂದು ಬೇಡಿಕೆ. ಗಿಡದಲ್ಲಿ ಒಂದು ಕಾಯಿಯನ್ನು ಮುಟ್ಟಬೇಡಿ. ಕೆಂಪಾಗಲಿ, ತೊಗಲು ಸುಕ್ಕಾಗಲಿ. ಮನೆಯವರು ಹಾಳಾಯಿತೆಂದು ಗೊಣಗಲಿ. ಆಮೇಲೆ ಬೀಜ ತೆಗೆದು, ಅದೇ ಚೆಲುವಾದ ಅಕ್ಷರದಲ್ಲಿ ‘ಹಣ್ಣು’ ಎಂದು ಬರೆದಿಡಿ.

ಹನ್ನೊಂದರಲ್ಲಿ ಒಂದಾದರೂ ಬಲಿತಿದ್ದೀತೆಂದು ಗಂಟು ಬಿಚ್ಚಿಲ್ಲ. ಬೋರಲು ಮಲಗುವುದೂ ಇಲ್ಲ.

ಮಡಿಲಗಿತ್ತಿ ಶಿವಲೀಲೆ