ನೀಲಾಂಬಿಕೆ ಕೇಳದ ಕ್ಷಮೆ

ಧಾರವಾಡ, ಫೆಬ್ರವರಿ ಮೂವತ್ತು, ೨೧೭೪

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ ಶಾಂಭವಿ ಹೂಗಾರಳ ನಮಸ್ಕಾರ.

ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದು ನಗಬೇಡಿ. ನಮ್ಮ ಪಂಚಾಂಗ ಬದಲಾಗಿದೆ. ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನ್ಯಾಯಾಲಯದ ಅಂಗಳದಲ್ಲಿ ಕಾಯುತ್ತಿದ್ದೇನೆ. ಕೂತಲ್ಲಿ ಕೂರಲಾಗದೆ ಬರೆಯುತ್ತಿದ್ದೇನೆ.

ನನ್ನ ತಂಗಿ ನೀಲಾಂಬಿಕೆ ನೆರಳಾಟದ ನಟಿ. ನಿಮ್ಮ ಸಿನಿಮಾದ ಮರಿಮಗಳು ಈ ನೆರಳಾಟ. ಪರದೆ ಇಲ್ಲ, ನಟಿಯ ಬೆಳಕಿನ ರೂಪ ಮನೆಮನೆಯ ಪಡಸಾಲೆಗೆ ಬಂದು ಆಡುತ್ತದೆ. ಆ ರೂಪಕ್ಕೆ ನೆರಳು ಎನ್ನುತ್ತೇವೆ. ಹತ್ತೊಂಬತ್ತನೆಯ ವಯಸ್ಸಿಗೆ ಅವಳು, ಬರಗಾಲದಲ್ಲಿ ಊರಿಗೆಲ್ಲ ಗಂಜಿ ಎರೆಯುವ ಅನ್ನದವ್ವನ ಪಾತ್ರ ಮಾಡಿದಳು. ಜನ ಆ ನೆರಳಿನ ಪಾದದ ಬಳಿ ಹಸುಗೂಸುಗಳನ್ನು ಮಲಗಿಸುತ್ತಿದ್ದರು. ತಂಗಿ ಸಂತೆಗೆ ಹೋದರೆ ಬದನೆಕಾಯಿ ಮಾರುವ ಮುದುಕಿಯರೂ ಎದ್ದು ಕೈಮುಗಿಯುತ್ತಿದ್ದರು. ಅವಳಿಗೋ ನಿಂತಲ್ಲೇ ಬಿಸಿ ಮಿರ್ಚಿ ತಿನ್ನುವ ಆಸೆ.

ಗದಗಿನ ಸಭೆಯೊಂದರಲ್ಲಿ, ಜೀವನಪೂರ್ತಿ ಅವ್ವನಾಗಿಯೇ ಇರುತ್ತೀರಾ ಎಂದು ಯಾರೋ ಕೇಳಿದರು.

“ಅವ್ವ ಆಗೋದು ಸಾಕಾಗೇತ್ರಿ,” ಎಂದು ನಕ್ಕಳು. “ಒಂದ್ ಸಲ ಕಳ್ಳಿ ಪಾರ್ಟ್ ಕೊಡ್ರಿ, ನೋಡ್ರಿ ಹೆಂಗ ಮಾಡ್ತೀನಿ!”

ಸಭೆಯೂ ನಕ್ಕಿತು. ಸಂಜೆಯೊಳಗೆ ಮೊದಲ ಮಾತಷ್ಟೇ ಊರೂರು ಸುತ್ತಿತು. ತಾಯ್ತನವನ್ನು ಹೀಯಾಳಿಸಿದಳೆಂದರು. ಮನೆಮನೆಯಿಂದ ಅವಳ ನೆರಳನ್ನು ಹೊರಹಾಕಿದರು. ಒಪ್ಪಿದ್ದ ಆಟಗಳೆಲ್ಲ ಬೇರೆಯವರ ಪಾಲಾದವು. ನಮ್ಮ ಅವ್ವನನ್ನು ದಾರಿಯಲ್ಲಿ ತಡೆದು, “ಎಂಥಾಕಿನ್ನ ಹಡದೀ?” ಎಂದರು. ಅಂದಿನಿಂದ ಇವತ್ತಿನವರೆಗೆ ಅವ್ವ ಹೊರಗೆ ಕಾಲಿಟ್ಟಿರಲಿಲ್ಲ.

ನೆರಳಾಟದ ಯಜಮಾನ ಬಸವಂತಪ್ಪನವರು ಮನೆಗೆ ಬಂದರು. “ಒಂದೀಟು ಅತ್ತು ಕ್ಷಮಾ ಕೇಳವಾ, ಮುಗೀತೈತಿ.”

“ಮಾಡದ ತಪ್ಪಿಗೆ ಹೆಂಗ ಅಳ್ಲಿರಿ?”

ಅವರು ಸಿಟ್ಟಾಗಲಿಲ್ಲ, ಚಹಾ ಕುಡಿದು ಹೋದರು. ಮರುದಿನ ಅವರು ಆಡಿಸಿದಂತೆ ಅವಳ ನೆರಳು ಪ್ರತಿ ಮನೆಯ ಹೊಸ್ತಿಲಾಚೆ ಮಂಡಿಯೂರಿ, ಅವಳದೇ ದನಿಯಲ್ಲಿ ಬಿಕ್ಕಿ ಬಿಕ್ಕಿ ಅತ್ತಿತು. ಜನ ಕರಗಿ ಒಳಗೆ ಕರೆದರು. ನೀಲಾಂಬಿಕೆ ನಮ್ಮ ಹೊಸ್ತಿಲಲ್ಲಿ ಅದನ್ನು ನೋಡುತ್ತ, “ನನಗಿಂತ ಚಂದ ಅಳ್ತಾಳಲ್ಲಕ್ಕಾ,” ಎಂದಳು.

ನೆರಳಿಗೆ ಮೊದಲಿಗಿಂತ ಹೆಚ್ಚು ಆಟ, ಹೆಚ್ಚು ಪ್ರೀತಿ. ತಂಗಿಗೆ ಕೆಲಸವಿಲ್ಲ. ಒಂದು ದಿನ ಪೇಟೆಯಲ್ಲಿ ನಿಂತು, “ಕ್ಷಮಾ ಕೇಳಿದಾಕಿ ನಾ ಅಲ್ರಿ,” ಎಂದು ಕೂಗಿ ಹೇಳಿದಳು. ಹೂ ಕೊಳ್ಳುತ್ತಿದ್ದ ಹೆಂಗಸೊಬ್ಬಳು ಗದರಿದಳು: “ಸುಮ್ನಿರ ತಂಗಿ. ಪಾಪ, ನಮ್ಮ ಮನಿಗೆ ಬರೋ ಆಕಿ ಎಷ್ಟು ನೊಂದಾಳ! ಯಾಕ ಆಕಿ ಹೆಸರು ಕೆಡಸ್ತೀ?”

ನೆರಳನ್ನು ನಿಲ್ಲಿಸಿ ಎಂದು ನೀಲಾಂಬಿಕೆ ದಾವೆ ಹೂಡಿದ್ದು ಆಮೇಲೆ. ನಿಲ್ಲಿಸಿದರೆ ಅನ್ನದವ್ವನೂ ಸೇರಿ ಮಾಡಿದ ಪಾತ್ರವೆಲ್ಲ ಅಳಿಸಿಹೋಗುತ್ತದೆ ಎಂದು ನ್ಯಾಯಾಧೀಶರು ಎಚ್ಚರಿಸಿದ್ದರು. “ಹೋಗ್ಲಿರಿ. ನಾ ಇನ್ನೂ ಇದ್ದೀನಲ್ಲ,” ಎಂದಳಂತೆ.

ಇಷ್ಟು ಬರೆಯುವಾಗಲೇ ತೀರ್ಪು ಬಂತು. ಗೆದ್ದಳು. ಎಲ್ಲ ಪಡಸಾಲೆಗಳಲ್ಲೂ ನೆರಳು ಆರಿಹೋಗಿದೆ. ಗೇಟಿನ ಹೊರಗೆ ಆಗಲೇ ಜನ ಸೇರುತ್ತಿದ್ದಾರೆ: “ಅನ್ನದವ್ವನ್ನ ಕೊಂದಾಕಿ ಎಲ್ಲಿ?”

ಹಿರಿಯರೇ, ಅರ್ಧ ಮಾತನ್ನು ಹಬ್ಬಿಸುವ ಈ ಚಾಳಿ ನಿಮ್ಮ ಕಾಲದಲ್ಲಿ ಇನ್ನೂ ಎಳೆಯದು ಎಂದು ಕೇಳಿದ್ದೇನೆ. ಯಾವ ಹುಡುಗಿಯ ಮಾತನ್ನೂ ಪೂರ್ತಿ ಕೇಳದೆ ಮುಂದಕ್ಕೆ ದಾಟಿಸಬೇಡಿ. ಇಷ್ಟೇ ಬೇಡಿಕೆ.

ತಂಗಿ ಮೆಟ್ಟಿಲಿಳಿಯುತ್ತಿದ್ದಾಳೆ. ಅವ್ವ ಸೆರಗು ಬಿಗಿದು ಅವಳಿಗಿಂತ ಮುಂದೆ ಗೇಟಿನತ್ತ ನಡೆದಿದ್ದಾಳೆ. ನಾನೂ ಹೊರಟೆ.