ಹೊಲಿದ ದೋಣಿಗೆ ನಾಲ್ಕು ಮೊಳೆ

ಹಾಗಾದರೆ, ಮಾನ್ಯ ದೋಣಿ ತಪಾಸಣಾಧಿಕಾರಿಗಳೇ, ಮೊನ್ನೆಯ ಮಾತನ್ನೇ ಮುಂದುವರಿಸೋಣ. "ನಾಕ ಮೊಳಿ ಹೊಡದ್ರ ದೋಣಿ ಏನ್ ಸಾಯ್ತೈತೇನು?" ಎಂದು ಕೇಳಿ ಜೀಪು ಹತ್ತಿಬಿಟ್ಟಿರಿ. ಉತ್ತರ ಕೇಳುವ ಪುರುಸೊತ್ತಿರಲಿಲ್ಲ. ನೀವು ಬೆಳಗಾವಿ ಕಡೆಯವರು, ನಾವು ಈ ಪರರಾಜ್ಯದ ಕಡಲ ದಂಡೆಗೆ ದುಡಿಯಲು ಬಂದ ವಿಜಯಪುರದವರು. ಅದಕ್ಕೇ ಈ ಉತ್ತರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ, ಎಲ್ಲರೂ ಓದುವಂತೆ.

ಸಾಯುತ್ತದೆ ಸರ್. ಇಲ್ಲಿನ ಬಾಣಾವಲಿ ದಂಡೆಯಲ್ಲಿರುವ ಮೀನುಗಾರ ಇನಾಸ್ ಅಂಕಲ್ ದೋಣಿಯಲ್ಲಿ ಒಂದೂ ಮೊಳೆಯಿಲ್ಲ. ಹಲಗೆಗಳ ಅಂಚಿಗೆ ತೂತು ಕೊರೆದು, ತೆಂಗಿನ ನಾರಿನ ಹಗ್ಗದಿಂದ ಹೊಲಿದದ್ದು. ಮರಳಿಗೆ ಬಡಿದಾಗ ಹೊಲಿಗೆ ಬಾಗುತ್ತದೆ. ಮೊಳೆ ಬಾಗುವುದಿಲ್ಲ, ಉಪ್ಪುನೀರಿಗೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ. ಇಂಥ ದೋಣಿಗೂ ನಂಬರ್ ಫಲಕವನ್ನು ನಾಲ್ಕು ಮೊಳೆಗಳಿಂದಲೇ ಬಡಿಯಬೇಕು ಎನ್ನುತ್ತದೆ ನಿಮ್ಮ ಫಾರ್ಮು. ಇಳಕಲ್ ಸೀರೆಗೆ ಬೆಲೆಚೀಟಿಯನ್ನು ಸುತ್ತಿಗೆಯಿಂದ ಬಡಿಯುತ್ತಾರೆಯೇ?

ಮಳೆಗಾಲದಲ್ಲಿ ಪ್ರವಾಸಿಗರು ಬರುವುದಿಲ್ಲ. ಆಗ, ದಂಡೆಯಲ್ಲಿ ಕಸೂತಿ ಚೀಲ ಮಾರುವ ನಮ್ಮವ್ವ ಚಂದ್ರಿಬಾಯಿ ದೋಣಿಯ ಹಳೇ ಹೊಲಿಗೆ ಬಿಚ್ಚಿ ಹೊಸದು ಹಾಕಲು ಹೋಗುತ್ತಾಳೆ. ಹೊರಗೆ ಅವ್ವ, ಒಳಗೆ ಅಂಕಲ್, ನಡುವೆ ಹಗ್ಗದ ಓಡಾಟ. ನಾನು ಫೋಟೊ ತೆಗೆದು ನಮ್ಮ ಮರದ ದೋಣಿ ಅಭಿಮಾನಿಗಳ ವಾಟ್ಸ್ಯಾಪ್ ಗುಂಪಿಗೆ ಹಾಕುತ್ತೇನೆ. ಈ ಸಲ ಅವ್ವ ನಂಬರ್ ಫಲಕವನ್ನೂ ಹಲಗೆಯ ಹಳೇ ತೂತುಗಳಲ್ಲೇ ಹೊಲಿದಳು. ಸುತ್ತ ಕವಡೆ ಸಾಲು ಹಾಕಿದ್ದು ಮಾತ್ರ ಸ್ವಲ್ಪ ಹೆಚ್ಚಾಯಿತು, ಒಪ್ಪುತ್ತೇನೆ.

"ಏನಬೇ ಇದು, ನಂಬರ್ ಪ್ಲೇಟೋ, ಲಗ್ನದ ಚೀಲೋ?" ಎಂದಿರಿ ನೀವು, ಮೊನ್ನೆ ತಪಾಸಣೆಗೆ ಬಂದಾಗ.

"ನನ್ನ ಲಗ್ನಕ್ಕಿಂತ ಗಟ್ಟಿ ಐತ್ರಿ ಸಾಹೇಬ್ರ," ಎಂದಳು ಅವ್ವ.

"ಫಾರ್ಮಿನ್ಯಾಗ ಹೊಲಿಗಿ ಅಂತ ಕಾಲಮ್ಮ ಇಲ್ಲಬೇ."

"ಹಂಗಾರ ಫಾರ್ಮಿಗೇ ಮೊಳಿ ಹೊಡೀರಿ!"

ನೀವು 'ಫಲಕ ಭದ್ರವಾಗಿಲ್ಲ, ತಿರಸ್ಕೃತ' ಎಂದು ಬರೆದಿರಿ. ಮುಟ್ಟಿಯೂ ನೋಡಲಿಲ್ಲ. ಆ ಕಾಗದದ ಫೋಟೊಗೆ ಗುಂಪಿನಲ್ಲಿ ಮೂವತ್ತೇಳು ಜನ ನಗುವ ಮುಖ ಹಾಕಿದರು. ಇನಾಸ್ ಅಂಕಲ್‌ಗೆ ಮಾತ್ರ ಇದು ನಗುವ ಮಾತಲ್ಲ. ಮಳೆಗಾಲ ಮುಗಿಯಿತು, ಮುಂದಿನ ವಾರ ದಂಡೆಯ ದೋಣಿಗಳೆಲ್ಲ ನೀರಿಗಿಳಿಯುತ್ತವೆ. ನಿಮ್ಮ ಪರವಾನಗಿ ಇಲ್ಲದೆ ಅವರದೊಂದೇ ಮರಳಲ್ಲಿ ಉಳಿಯುತ್ತದೆ. ಮೊಳೆ ಹೊಡೆದರೆ ದೋಣಿ ಹಾಳು, ಹೊಡೆಯದಿದ್ದರೆ ಸಮುದ್ರ ಬಂದ್. ಎಪ್ಪತ್ತು ವರ್ಷದ ಅಂಕಲ್ ಅವರನ್ನು ಕೂರಿಸಿ ಕೇಳುವ ಪ್ರಶ್ನೆಯೇ ಇದು?

ಆದ್ದರಿಂದ ಬೇಡಿಕೆ ಒಂದೇ. ಶನಿವಾರದೊಳಗೆ ಬನ್ನಿ. ಜೀಪಿನಿಂದ ಇಳಿದು, ಚಪ್ಪಲಿ ಬಿಟ್ಟು, ಮರಳಲ್ಲಿ ಕಾಲೂರಿ, ಎರಡೂ ಕೈಯಿಂದ ಆ ಫಲಕವನ್ನು ಜಗ್ಗಿ. ಕಿತ್ತು ಬಂದರೆ ಮೊಳೆ ನಾನೇ ತಂದುಕೊಡುತ್ತೇನೆ. ಬರದಿದ್ದರೆ ಅಲ್ಲೇ ನಿಂತು ಪರವಾನಗಿಗೆ ಸಹಿ ಹಾಕಿ. ಒಪ್ಪಿಗೆಯೇ, ಅಥವಾ ನಿಮ್ಮ ತೋಳಿನ ಮೇಲೆ ನಿಮಗೇ ನಂಬಿಕೆಯಿಲ್ಲವೇ?

ಇಂತಿ,
ದೋಣಿ ಹುಚ್ಚು ಹಿಡಿದರೂ ಇನ್ನೂ ಈಜು ಬಾರದ
ರೂಪಾ